ಸಿಟ್ಟು, ಅಂಜಿಕೆಯಿಂದ ಹುಟ್ಟುವ ರಾಕ್ಷಸ: ಗೇಮಿನೊಳಗೂ, ನಮ್ಮ ನಡುವೆಯೂ

ನಮ್ಮ ಕಾಲೇಜಿನ ಬಹಳಷ್ಟು ಗೆಳೆಯರು ಮೊಬೈಲಿನಲ್ಲಿ ಆಡುವುದು ಫ್ರೀ ಫೈರ್ ಮತ್ತು ಬಿಜಿಎಂಐ. ಇವುಗಳಲ್ಲಿ ಹೇಳಿಕೊಳ್ಳುವಂಥ ಕಥೆ ಇಲ್ಲ. ಎದುರಿಗೆ ಬಂದೂಕು ಹಿಡಿದು ನಿಂತವನು ನಮ್ಮ ಹಾಗೆಯೇ ಇನ್ನೆಲ್ಲೋ ಕೂತಿರುವ ಒಬ್ಬ ಹುಡುಗ. ಆದರೆ ಕಂಪ್ಯೂಟರಿನಲ್ಲಿ, ಪ್ಲೇಸ್ಟೇಷನ್ನಿನಲ್ಲಿ ಆಡುವ ದೊಡ್ಡ ಗೇಮುಗಳಿಗೆ ಸಿನಿಮಾದಂತೆ ಕಥೆ ಇರುತ್ತದೆ, ನಾಯಕ ಇರುತ್ತಾನೆ, ಕೊನೆಗೆ ಒಬ್ಬ ಖಳನಾಯಕನೂ ಇರುತ್ತಾನೆ. ಅವನನ್ನು ಆಟಗಾರರು 'ಬಾಸ್' ಎನ್ನುತ್ತಾರೆ.

ಖಳನಾಯಕರಲ್ಲಿ ಹಲವು ಬಗೆ. ಒಬ್ಬ ರಾಜ್ಯದ ಆಸೆಗೆ ಬಿದ್ದ ರಾಜ, ಇನ್ನೊಬ್ಬ ಬೇರೆ ಗ್ರಹದಿಂದ ಬಂದವನು, ಮತ್ತೊಬ್ಬ ತಲೆಕೆಟ್ಟ ವಿಜ್ಞಾನಿ. ಇವರ ನಡುವೆ ಒಂದು ವಿಚಿತ್ರ ಜಾತಿಯ ಖಳನಾಯಕ ಇದ್ದಾನೆ. ಅವನಿಗೆ ತಂದೆ ತಾಯಿ ಇಲ್ಲ, ಊರಿಲ್ಲ. ಜಗತ್ತಿನ ಜನರ ಸಿಟ್ಟು, ಅಂಜಿಕೆ, ಹೊಟ್ಟೆಕಿಚ್ಚು, ದ್ವೇಷ, ಹತಾಶೆ ಎಲ್ಲ ಒಂದೆಡೆ ಸೇರಿ ಗಟ್ಟಿಯಾಗಿ, ಅದಕ್ಕೇ ಜೀವ ಬಂದು ಅವನು ಹುಟ್ಟಿರುತ್ತಾನೆ. ಈ ಲೇಖನ ಅವನ ಕುರಿತು. ಗೇಮಿನಲ್ಲಿ ಅವನು ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಮೊದಲು ನೋಡೋಣ. ಆಮೇಲೆ ನಮ್ಮ ರಾಜ್ಯದಲ್ಲೇ ಅವನು ಗೇಮಿನ ಹೊರಗೆ ಕಾಣಿಸಿಕೊಂಡ ಸಂಗತಿಗೆ ಬರೋಣ.

ಪಂಡೇರಿಯಾದ 'ಶಾ'

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬುದು ಲಕ್ಷಾಂತರ ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಗೇಮು. 2012ರಲ್ಲಿ ಅದರ 'ಮಿಸ್ಟ್ಸ್ ಆಫ್ ಪಂಡೇರಿಯಾ' ಎಂಬ ಹೊಸ ಭಾಗ ಬಂತು. ಕಥೆ ಹೀಗಿದೆ. ಪಂಡೇರಿಯಾ ಎಂಬ ನಾಡಿನಲ್ಲಿ ಬಹಳ ಹಿಂದೆ ಒಂದು ದುಷ್ಟಶಕ್ತಿಯನ್ನು ಕೊಲ್ಲಲಾಗಿತ್ತು. ಅದು ಸಾಯುವಾಗ ಬಿಟ್ಟ ಕೊನೆಯುಸಿರು ಆ ನೆಲದೊಳಗೆ ಇಳಿಯಿತು. ಅಂದಿನಿಂದ ಅಲ್ಲಿ ಯಾರಾದರೂ ಮಿತಿ ಮೀರಿ ಸಿಟ್ಟಾದರೆ, ಅಂಜಿದರೆ, ಸಂಶಯಪಟ್ಟರೆ, ಆ ಭಾವನೆಗೆ ಕೈಕಾಲು ಬಂದು ಅದು ಕಪ್ಪು ಬಿಳುಪಿನ ಭೂತವಾಗಿ ಎದ್ದು ನಿಲ್ಲುತ್ತದೆ. ಇದರ ಹೆಸರೇ 'ಶಾ'. ಸಂಶಯದ ಶಾ, ಸಿಟ್ಟಿನ ಶಾ, ಅಂಜಿಕೆಯ ಶಾ, ದ್ವೇಷದ ಶಾ, ಹತಾಶೆಯ ಶಾ ಎಂದು ಒಂದೊಂದು ಭಾವನೆಗೆ ಒಂದೊಂದು.

ಆ ನಾಡಿನ ಜನ ಇದನ್ನು ಅರಿತು ಸಮಾಧಾನದಿಂದ ಬದುಕುತ್ತಿರುತ್ತಾರೆ. ಅಲ್ಲಿಗೆ ಹೊರಗಿನಿಂದ ಎರಡು ಸೈನ್ಯಗಳು ಬರುತ್ತವೆ. ಇಬ್ಬರೂ ಹಳೆಯ ವೈರಿಗಳು, ಇಬ್ಬರೂ ತಾವೇ ಸರಿ ಎನ್ನುವವರು. ಕಾದಾಟ ಶುರುವಾಗುತ್ತದೆ. ಜನ ಭಕ್ತಿಯಿಂದ ಕಟ್ಟುತ್ತಿದ್ದ ಒಂದು ದೊಡ್ಡ ಪ್ರತಿಮೆ ಆ ಕಾದಾಟದಲ್ಲಿ ಒಡೆದು ಬೀಳುತ್ತದೆ, ಅದರ ಜೊತೆಗೇ ಸಂಶಯದ ಶಾ ಹೊರಬರುತ್ತದೆ. ಸೈನಿಕರು ಒಬ್ಬರನ್ನೊಬ್ಬರು ದ್ವೇಷಿಸಿದಷ್ಟೂ ಅದು ಬಲಿಯುತ್ತದೆ. ಇಲ್ಲಿ ಯಾರೂ ರಾಕ್ಷಸನನ್ನು ಕರೆದು ತಂದಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಜಗಳ ಮಾಡಿದರು, ಅಷ್ಟೇ.

ಇದೇ ಕಥೆಯಲ್ಲಿ ಒಬ್ಬ ಹಳೆಯ ಚಕ್ರವರ್ತಿಯ ಪ್ರಸಂಗ ಬರುತ್ತದೆ. ಶಾವ್‌ಹಾವ್ ಅವನ ಹೆಸರು. ನಾಡನ್ನು ಉಳಿಸಲು ಅವನು ತನ್ನೊಳಗಿನ ಸಂಶಯ, ಹತಾಶೆ, ಅಂಜಿಕೆ, ಸಿಟ್ಟು ಎಲ್ಲವನ್ನೂ ಒಂದೊಂದಾಗಿ ಹೊರಹಾಕುತ್ತಾನೆ. ಒಂದನ್ನು ಮಾತ್ರ ಬಿಡುವುದಿಲ್ಲ: ತನ್ನ ನಾಡೇ ಮೇಲು ಎಂಬ ಗರ್ವ. ಉಳಿದೆಲ್ಲವನ್ನೂ ಗೆದ್ದವನಿಗೆ ಇದೊಂದು ದೋಷವಾಗಿ ಕಾಣಲೇ ಇಲ್ಲ. ಸಾವಿರಾರು ವರ್ಷಗಳ ಮೇಲೆ ಆ ಗರ್ವದ ಶಾ ಕೂಡ ಎದ್ದು ಬರುತ್ತದೆ.

ಎಲ್ಲ ಗೇಮಿನಲ್ಲೂ ಅದೇ ಮೂರು ನಿಯಮ

ಇಂಥ ಖಳನಾಯಕರು ಜಪಾನಿನ ಗೇಮುಗಳಲ್ಲಿ ಇನ್ನೂ ಹೆಚ್ಚು. 2010ರ 'ಕಿಂಗ್‌ಡಮ್ ಹಾರ್ಟ್ಸ್: ಬರ್ತ್ ಬೈ ಸ್ಲೀಪ್' ಗೇಮಿನಲ್ಲಿ ವಾನಿಟಾಸ್ ಎಂಬ ಹುಡುಗನಿದ್ದಾನೆ. ಅವನ ಕೆಟ್ಟ ಭಾವನೆಗಳೇ ಚಿಕ್ಕ ಚಿಕ್ಕ ಭೂತಗಳಾಗಿ ಊರೂರು ತಿರುಗುತ್ತವೆ. ನಾಯಕ ಒಂದು ಭೂತವನ್ನು ಹೊಡೆದರೆ ಆ ನೋವು ಮತ್ತೆ ವಾನಿಟಾಸ್‌ನೊಳಕ್ಕೇ ಹೋಗುತ್ತದೆ, ಅವನು ಮತ್ತೆ ಹೊಸ ಭೂತ ಹುಟ್ಟಿಸುತ್ತಾನೆ. 1994ರ 'ಲೈವ್ ಅ ಲೈವ್' ಗೇಮಿನ ಕಥೆ ಇನ್ನೂ ಕಟುವಾಗಿದೆ. ಅಲ್ಲಿ ಒಬ್ಬ ಒಳ್ಳೆಯ ಯೋಧನನ್ನು ಗೆಳೆಯನೇ ಮೋಸ ಮಾಡುತ್ತಾನೆ, ಊರ ಜನ ಅವನನ್ನೇ ಸೈತಾನ ಎಂದು ಕರೆದು ಅಟ್ಟುತ್ತಾರೆ. ಎಲ್ಲರೂ ಕರೆದ ಹಾಗೆ ಕೊನೆಗೆ ಅವನು ನಿಜವಾಗಿಯೂ ಸೈತಾನನೇ ಆಗುತ್ತಾನೆ. ಅವನು ಇಟ್ಟುಕೊಳ್ಳುವ ಹೆಸರು 'ಓಡಿಯೊ'. ಅದು ದ್ವೇಷಕ್ಕಿರುವ ಲ್ಯಾಟಿನ್ ಮಾತಿನಿಂದ ಬಂದದ್ದು.

ಕಥೆಗಳು ಬೇರೆ ಬೇರೆ, ಆದರೆ ನಿಯಮ ಮೂರೇ. ಒಂದನೆಯದು, ಈ ಖಳನಾಯಕನಿಗೆ ಊಟ ಹಾಕುವವರು ಸಾಮಾನ್ಯ ಜನ. ಎರಡನೆಯದು, ಕತ್ತಿಯಿಂದ ಅವನನ್ನು ಕೊಂದರೂ ಭಾವನೆ ಉಳಿದಿದ್ದರೆ ಮತ್ತೆ ಹುಟ್ಟುತ್ತಾನೆ. ಮೂರನೆಯದು, ಅವನ ಮೇಲೆ ದ್ವೇಷದಿಂದ ನುಗ್ಗಿದರೆ ಆ ದ್ವೇಷವೂ ಅವನಿಗೇ ಊಟವಾಗುತ್ತದೆ. ಹೀಗಾಗಿ ಇಂಥ ಗೇಮುಗಳಲ್ಲಿ ನಾಯಕ ಗೆಲ್ಲಬೇಕಾದರೆ ಮೊದಲು ತನ್ನ ಒಳಗನ್ನು ಸರಿ ಮಾಡಿಕೊಳ್ಳಬೇಕಾಗುತ್ತದೆ.

ಇದು ಕನ್ನಡಕ್ಕೆ ಹೊಸದಲ್ಲ

ಈ ಕಲ್ಪನೆ ಹೊರದೇಶದ ಗೇಮು ಮಾಡುವವರದೇ ಎಂದು ತಿಳಿಯಬೇಕಿಲ್ಲ. 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸ ಎಂಬ ಕವಿ 'ಪ್ರಭುಲಿಂಗಲೀಲೆ' ಎಂಬ ಕಾವ್ಯ ಬರೆದನು. ಅದರಲ್ಲಿ ಅಲ್ಲಮಪ್ರಭುವನ್ನು ಮರುಳುಗೊಳಿಸಲು ಬರುವ ಮಾಯೆ ಎಂಬ ಪಾತ್ರವಿದೆ. ಅವಳು ಬೇರೆ ಯಾರೂ ಅಲ್ಲ, ಪಾರ್ವತಿಯ ತಾಮಸ ಕಳೆ. ಅಂದರೆ ಪಾರ್ವತಿಯೊಳಗಿನ ಕತ್ತಲೆಯ ಗುಣವೇ ಬೇರೆಯಾಗಿ, ಒಬ್ಬ ಹೆಣ್ಣಾಗಿ ಬನವಾಸಿಯಲ್ಲಿ ಹುಟ್ಟುತ್ತದೆ. ಅವಳ ತಂದೆಯ ಹೆಸರು ಮಮಕಾರ, ತಾಯಿ ಮೋಹಿನಿ. ಅಲ್ಲಮನ ತಂದೆಯ ಹೆಸರು ನಿರಹಂಕಾರ. 'ನನ್ನದು' ಎನ್ನುವ ಭಾವನೆಯ ಮನೆಯಲ್ಲಿ ಮಾಯೆ ಹುಟ್ಟಿದರೆ, ಅಹಂಕಾರವಿಲ್ಲದ ಮನೆಯಲ್ಲಿ ಅವಳಿಗೆ ಸಿಗದವನು ಹುಟ್ಟುತ್ತಾನೆ. ಅಲ್ಲಮ ಮಾಯೆಯನ್ನು ಕತ್ತಿಯಿಂದ ಗೆಲ್ಲುವುದಿಲ್ಲ. ಅವಳು ಹಿಡಿಯಲು ಅವನಲ್ಲಿ ಏನೂ ಇಲ್ಲದ್ದರಿಂದ ಅವಳು ಸೋಲುತ್ತಾಳೆ. ಗೇಮಿನ ಮೂರನೆಯ ನಿಯಮ ಸುಮಾರು ಆರು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿತ್ತು.

ಮನೆಯ ಹಿರಿಯರನ್ನು ಕೇಳಿದರೆ ಇನ್ನೊಂದು ಕಥೆ ಸಿಗಬಹುದು. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಜನ ಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಒಂದು ದೆವ್ವ ಬಂದು, ನಮಗೆ ಗೊತ್ತಿರುವವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಸುದ್ದಿ ಹಬ್ಬಿತ್ತು. 'ನಾಳೆ ಬಾ' ಎಂದು ಬರೆದರೆ ದೆವ್ವ ಅದನ್ನು ಓದಿ ಹೊರಟುಹೋಗುತ್ತದೆ, ಮರುದಿನ ಬಂದಾಗ ಮತ್ತೆ ಅದನ್ನೇ ಓದುತ್ತದೆ. ಆ ದೆವ್ವವನ್ನು ನೋಡಿದವರು ಯಾರೂ ಇರಲಿಲ್ಲ. ಅದು ಜನರ ಅಂಜಿಕೆಯಿಂದ ಹುಟ್ಟಿ, ಬಾಯಿಂದ ಬಾಯಿಗೆ ಬೆಳೆದು, ತಾನಾಗಿಯೇ ಮರೆಯಾಯಿತು. ಆಗ ಮೊಬೈಲ್ ಇರಲಿಲ್ಲ. ಹೆಚ್ಚೆಂದರೆ ಒಂದು ಸುಣ್ಣದ ಗೋಡೆ ಹಾಳಾಯಿತು.

ಮುರ್ಕಿಯಲ್ಲಿ ನಡೆದದ್ದು

2018ರಲ್ಲಿ ಬಂದ ಭೂತ ಅಷ್ಟಕ್ಕೇ ನಿಲ್ಲಲಿಲ್ಲ. ಆ ವರ್ಷ ಭಾರತದ ಹಲವು ರಾಜ್ಯಗಳಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡಿತು. ಅದರ ಜೊತೆಗೆ ಓಡಾಡಿದ ವಿಡಿಯೊಗಳಲ್ಲಿ ಒಂದರಲ್ಲಿ ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ಎದೆ ಝಲ್ಲೆನ್ನುತ್ತದೆ. ಆದರೆ ಆ ವಿಡಿಯೊ ಭಾರತದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಮೂಡಿಸಲು ನಟರಿಂದ ಮಾಡಿಸಿದ ಚಿತ್ರ ಅದು. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ತಿರುಗಿ ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಎಚ್ಚರಿಕೆ ಹೋಯಿತು, ಅಂಜಿಕೆ ಮಾತ್ರ ಉಳಿಯಿತು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಎಂದು ಗುಂಪೊಂದು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಮತ್ತೊಂದು ಸಾವು. ಹೈದರಾಬಾದಿನ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಯ ಹಳ್ಳಿಗೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಅವರಲ್ಲೊಬ್ಬರು ಚಾಕಲೇಟು ಕೊಟ್ಟರು. ಬೇರೆ ದಿನವಾಗಿದ್ದರೆ ಮಕ್ಕಳು ನಗುತ್ತ ಮನೆಗೆ ಹೋಗುತ್ತಿದ್ದವು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರವರ ಮೊಬೈಲಿನಲ್ಲಿ 'ಮಕ್ಕಳ ಕಳ್ಳ' ಆಗಲೇ ಬಂದು ಕೂತಿದ್ದ. ಈಗ ಅವನಿಗೆ ಒಂದು ಮುಖ ಬೇಕಾಗಿತ್ತು, ಅದು ಸಿಕ್ಕಿತು.

ಜನ ಸುತ್ತುವರಿದಾಗ ಗೆಳೆಯರು ಅಂಜಿ ಕಾರು ಹತ್ತಿ ಹೊರಟರು. ಅವರ ವಿಡಿಯೊ ಮತ್ತು 'ಹಿಡಿಯಿರಿ' ಎಂಬ ಸಂದೇಶ ಅವರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತು. ಅಲ್ಲಿ ದಾರಿ ಅಡ್ಡಗಟ್ಟಲಾಗಿತ್ತು. ಕಾರು ರಸ್ತೆ ಬಿಟ್ಟು ಉರುಳಿತು. ಒಳಗಿದ್ದವರನ್ನು ಹೊರಗೆಳೆದು ಹೊಡೆದರು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು, ಉಳಿದವರು ತೀವ್ರವಾಗಿ ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆಮೇಲೆ ಬಂಧನಕ್ಕೊಳಗಾದವರಲ್ಲಿ ಹೊಡೆದವರ ಜೊತೆಗೆ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದರು.

ಈ ಪ್ರಕರಣದಲ್ಲಿ ಮಕ್ಕಳ ಕಳ್ಳ ಎಂಬುವನು ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಒಂದು ಮಗುವೂ ಕಳೆದಿರಲಿಲ್ಲ. ಹಾಗಾದರೆ ಕೊಲೆ ಮಾಡಿಸಿದ ಖಳನಾಯಕ ಯಾರು? ಗೇಮಿನ ಭಾಷೆಯಲ್ಲಿ ಹೇಳುವುದಾದರೆ ಅದು ಅಂಜಿಕೆಯ ಶಾ. ಅದಕ್ಕೆ ಊಟ ಹಾಕಿದವರು ಕ್ರೂರಿಗಳಾಗಿರಬೇಕೆಂದೇನೂ ಇಲ್ಲ. ಸಂದೇಶ ಮುಂದೆ ಕಳಿಸಿದವರಲ್ಲಿ ತಮ್ಮ ಮಕ್ಕಳ ಮೇಲೆ ಜೀವ ಇಟ್ಟುಕೊಂಡ ತಂದೆ ತಾಯಂದಿರೂ ಇದ್ದಿರಬೇಕು. ಮಕ್ಕಳ ಬಗ್ಗೆ ಕಾಳಜಿ ಕೆಟ್ಟದ್ದಲ್ಲ. ಆದರೆ ಆ ಕಾಳಜಿ ಅಂಜಿಕೆಯಾಗಿ, ಅಂಜಿಕೆ ಸಿಟ್ಟಾಗಿ, ಸಿಟ್ಟು ಗುಂಪಿನ ಕೈಗೆ ಬಂದಾಗ ಅದರಲ್ಲಿ ಕಾಳಜಿ ಉಳಿದಿರಲಿಲ್ಲ. 'ನಾನು ಬರೀ ಮುಂದ ಕಳಿಸೇನಿ, ಯಾರಿಗೂ ಹೊಡದಿಲ್ಲ' ಎಂದು ಪ್ರತಿಯೊಬ್ಬರೂ ಹೇಳಬಹುದು. ಪಂಡೇರಿಯಾದ ಸೈನಿಕರೂ ಹೀಗೆಯೇ ಹೇಳಬಹುದಾಗಿತ್ತು.

ಭಾವನೆ ಹೇಗೆ ಹಬ್ಬುತ್ತದೆ?

ಭಾವನೆ ಸೋಂಕಿನಂತೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ ಎಂಬುದನ್ನು ವಿಜ್ಞಾನಿಗಳೂ ನೋಡಿದ್ದಾರೆ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವರಿಗೆ ಕಾಣುವ ಸಂತೋಷದ ಪೋಸ್ಟುಗಳನ್ನು ಕಡಿಮೆ ಮಾಡಲಾಯಿತು, ಇನ್ನು ಕೆಲವರಿಗೆ ಬೇಸರದ ಪೋಸ್ಟುಗಳನ್ನು. ಸಂತೋಷದ ಪೋಸ್ಟು ಕಡಿಮೆ ನೋಡಿದವರು ತಾವೂ ಬೇಸರದ ಮಾತುಗಳನ್ನು ತುಸು ಹೆಚ್ಚು ಬರೆದರು, ಬೇಸರದ್ದು ಕಡಿಮೆ ನೋಡಿದವರು ಸಂತೋಷದ ಮಾತುಗಳನ್ನು ತುಸು ಹೆಚ್ಚು ಬರೆದರು. ಪರಿಣಾಮ ಬಹಳ ಚಿಕ್ಕದು, ಆದರೆ ಇತ್ತು. ಬಳಕೆದಾರರಿಗೆ ತಿಳಿಸದೆ ಹೀಗೆ ಮಾಡಿದ್ದು ಸರಿಯಲ್ಲ ಎಂಬ ಟೀಕೆಯೂ 2014ರಲ್ಲಿ ಫಲಿತಾಂಶ ಹೊರಬಂದಾಗ ಜೋರಾಗಿ ಕೇಳಿಬಂತು.

2018ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಟ್ವಿಟರಿನ ಸುಮಾರು 1,26,000 ಸುದ್ದಿಗಳು ಹರಡಿದ ರೀತಿಯನ್ನು ಪರಿಶೀಲಿಸಿದರು. ಇವು 2006ರಿಂದ 2017ರವರೆಗಿನವು. ಸತ್ಯ ಸುದ್ದಿಗಿಂತ ಸುಳ್ಳು ಸುದ್ದಿ ಮುಂದೆ ಹೋಗುವ ಸಾಧ್ಯತೆ ಶೇ. 70ರಷ್ಟು ಹೆಚ್ಚು ಎಂದು ಕಂಡುಬಂತು. 1,500 ಜನರನ್ನು ಮುಟ್ಟಲು ಸತ್ಯ ಸುದ್ದಿಗೆ ಸುಳ್ಳಿಗಿಂತ ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಯಂತ್ರಗಳು ನಡೆಸುವ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಅದೇ. ಅಂದರೆ ಸುಳ್ಳನ್ನು ಓಡಿಸುವವರು ನಮ್ಮಂಥ ಮನುಷ್ಯರೇ. ಸುಳ್ಳು ಸುದ್ದಿಗೆ ಜನ ಕೊಟ್ಟ ಉತ್ತರಗಳಲ್ಲಿ ಆಶ್ಚರ್ಯ, ಅಂಜಿಕೆ ಮತ್ತು ಅಸಹ್ಯ ಹೆಚ್ಚಾಗಿದ್ದವು. ಮನಸ್ಸನ್ನು ಕಲಕುವ ಸುದ್ದಿಗೆ ಕೈ ಬೇಗ ಓಡುತ್ತದೆ ಎಂದು ಇದರಿಂದ ಊಹಿಸಬಹುದು.

ತಡೆಯಲು ಸಾಧ್ಯವೇ ಎಂದರೆ, ಸ್ವಲ್ಪ ಮಟ್ಟಿಗೆ ಸಾಧ್ಯ. 2018ರ ಜುಲೈನಲ್ಲಿ ವಾಟ್ಸಾಪ್ 'ಫಾರ್ವರ್ಡ್' ಆದ ಸಂದೇಶಕ್ಕೆ ಗುರುತು ಹಾಕತೊಡಗಿತು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಫಾರ್ವರ್ಡ್ ಆಗಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದು ಬಿಗಿ ಮಾಡಿತು. ಅದರಿಂದ ಅಂಥ ಸಂದೇಶಗಳು ಶೇ. 70ರಷ್ಟು ಇಳಿದವು ಎಂದು ಕಂಪನಿ ಹೇಳಿತು. ಯಾರ ಬಾಯಿಯನ್ನೂ ಮುಚ್ಚಲಿಲ್ಲ, ಒಂದು ಕ್ಷಣದ ತಡೆ ಹಾಕಿತು, ಅಷ್ಟೇ. ಬಹಳ ಜನ ಆ ಒಂದು ಕ್ಷಣದಲ್ಲೇ ಕೈಬಿಟ್ಟರು.

ಶಿರಹಟ್ಟಿಯ ನಾಲ್ಕು ಪದಗಳು

ಇಂಥ ಖಳನಾಯಕನಿಗೆ ಏನು ಮದ್ದು ಎಂಬುದಕ್ಕೆ ಉತ್ತರ ದೂರ ಹುಡುಕಬೇಕಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಬಸ್ಸಿಗೆ ಬರುವ ಗೆಳೆಯರಿಗೆ ಶಿರಹಟ್ಟಿಯ ಫಕೀರೇಶ್ವರ ಮಠ ಗೊತ್ತೇ ಇದೆ. ಹೆಸರಿನಲ್ಲಿಯೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಮೂಲ ಫಕೀರೇಶ್ವರರು ವಿಜಯಪುರದ ಸೂಫಿ ಸಂತ ಖಾಜಾ ಅಮೀನುದ್ದೀನರ ಆಶ್ರಯದಲ್ಲಿ ಬೆಳೆದರು ಎಂಬುದು ಐತಿಹ್ಯ. ಹಿಂದೂಗಳೂ ಮುಸ್ಲಿಮರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಆ ಮಠದ ಸಂದೇಶ ನಾಲ್ಕೇ ಪದ: ದ್ವೇಷ ಬಿಡು, ಪ್ರೀತಿ ಮಾಡು.

ಈ ಮಾತನ್ನು ನಾವು ಕೇಳಿ ಕೇಳಿ ಅದರ ಕ್ರಮವನ್ನು ಗಮನಿಸುವುದಿಲ್ಲ. ಮೊದಲು 'ಬಿಡು', ಆಮೇಲೆ 'ಮಾಡು'. ದ್ವೇಷವನ್ನು ಹೊಡಿ, ಕೊಲ್ಲು, ಸೋಲಿಸು ಎಂದು ಹೇಳಿಲ್ಲ. ಕೈಯಲ್ಲಿ ಹಿಡಿದದ್ದನ್ನು ಮಾತ್ರ ಬಿಡಲು ಬರುತ್ತದೆ. ಹಾಗಾದರೆ ದ್ವೇಷ ಎಲ್ಲೋ ಎದುರಿಗಿರುವ ರಾಕ್ಷಸನಲ್ಲಿಲ್ಲ, ನನ್ನ ಕೈಯಲ್ಲೇ ಇದೆ ಎಂದಾಯಿತು. ಮೇಲೆ ಹೇಳಿದ ಮೂರು ನಿಯಮಗಳೂ ಈ ಒಂದು ಮಾತಿನಲ್ಲಿ ಅಡಗಿವೆ.

ನಾವು ಮಾಡಬಹುದಾದದ್ದು

ಪಿಯುಸಿ ವಿದ್ಯಾರ್ಥಿಗಳಾದ ನಾವು ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು. ಅಮ್ಮ, ಅಬ್ಬಾ, ಅಜ್ಜಿ, ಓಣಿಯ ಕಾಕಾ ಇವರಿಗೆ ಬಂದ ವಿಡಿಯೊವನ್ನು 'ಇದು ಖರೇ ಐತೇನು ನೋಡು' ಎಂದು ತೋರಿಸುವುದು ನಮಗೇ. ಆದ್ದರಿಂದ ಈ ಖಳನಾಯಕನಿಗೆ ಊಟ ಸಿಗುವುದೂ ನಿಲ್ಲುವುದೂ ಬಹಳ ಸಲ ನಮ್ಮ ಕೈಯಲ್ಲಿರುತ್ತದೆ.

ಒಂದು ಸಂದೇಶ ನೋಡಿದ ಕೂಡಲೇ ಸಿಟ್ಟು ಅಥವಾ ಅಂಜಿಕೆ ಉಕ್ಕಿ ಬಂದರೆ, ಅದನ್ನೇ ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಎಷ್ಟು ಜೋರಾಗಿ ಸಿಟ್ಟು ಬಂತೋ ಅಷ್ಟು ನಿಧಾನವಾಗಿ ಮುಂದಿನ ಹೆಜ್ಜೆ ಇಡಿ. ಊರಿನ ಹೆಸರು, ದಿನಾಂಕ, ಪತ್ರಿಕೆಯ ಹೆಸರು ಇದೆಯೇ ನೋಡಿ. 'ನಿನ್ನೆ', 'ನಮ್ಮ ಕಡೆ', 'ಎಲ್ಲರಿಗೂ ಕಳಿಸಿ' ಎಂದಷ್ಟೇ ಇದ್ದರೆ ಅದು ಯಾವ ಊರಿಗಾದರೂ ಹೊಂದುವ ಅಂಗಿ. ವಿಡಿಯೊದ ಕೊನೆಯ ಭಾಗ ಇದೆಯೇ ಎಂದು ಕೇಳಿ. ಒಬ್ಬ ವ್ಯಕ್ತಿ ಮಾಡಿದ ತಪ್ಪನ್ನು ಒಂದು ಜಾತಿಗೋ ಧರ್ಮಕ್ಕೋ ಒಂದು ಊರಿಗೋ ಕಟ್ಟಿದ್ದರೆ, ನಮ್ಮವರ ಪರವಾಗಿ ಬರೆದಿದ್ದರೂ ಸರಿ, ಅದನ್ನು ಅಲ್ಲಿಗೇ ನಿಲ್ಲಿಸಿ. ಬೇರೆಯವರ ಗುಂಪಿನ ದ್ವೇಷ ನಮಗೆ ಬೇಗ ಕಾಣುತ್ತದೆ, ನಮ್ಮ ಗುಂಪಿನದ್ದು ಅಭಿಮಾನ ಎನಿಸುತ್ತದೆ. ಶಾವ್‌ಹಾವ್ ಎಡವಿದ್ದು ಅಲ್ಲಿಯೇ.

ನಿಜವಾಗಿಯೂ ಸಂಶಯ ಬಂದರೆ 112ಕ್ಕೆ ಕರೆ ಮಾಡಬಹುದು. ಮಕ್ಕಳಿಗೆ ಸಂಬಂಧಿಸಿದ್ದಾದರೆ 1098 ಇದೆ. ಗ್ರೂಪಿಗೆ ಹಾಕುವುದಕ್ಕಿಂತ ಇದಕ್ಕೆ ಹೆಚ್ಚು ಸಮಯವೇನೂ ಹಿಡಿಯುವುದಿಲ್ಲ. ಸುಳ್ಳು ಸುದ್ದಿ ಕಳಿಸಿದ ಹಿರಿಯರಿಗೆ ಗ್ರೂಪಿನಲ್ಲೇ ಬೈದರೆ ಅವರು ಇನ್ನಷ್ಟು ಬಿಗಿಯುತ್ತಾರೆ. ಪಕ್ಕದಲ್ಲಿ ಕೂತು, 'ಕಾಕಾ, ಇದು ಬೇರೆ ದೇಶದ್ದ ವಿಡಿಯೊ ಐತ್ರಿ, ಕಡೀಕ ಏನೈತಿ ನೋಡ್ರಿ' ಎಂದು ತೋರಿಸಿದರೆ ಅವರೇ ಅಳಿಸಿ ಹಾಕುತ್ತಾರೆ.

ಗೇಮಿನಲ್ಲಿ ಸೋತರೆ ಮತ್ತೊಂದು ಜೀವ ಸಿಗುತ್ತದೆ, ಅದೇ ಲೆವೆಲ್ಲನ್ನು ಮೊದಲಿನಿಂದ ಆಡಬಹುದು. ಮುರ್ಕಿಯ ರಸ್ತೆಯಲ್ಲಿ ಸತ್ತವರಿಗೆ ಅದು ಸಿಗಲಿಲ್ಲ. ಹಾಗಾಗಿ ಮುಂದಿನ ಸಲ ಅಂಥದ್ದೊಂದು ವಿಡಿಯೊ ಗದಗ-ಬೆಟಗೇರಿಗೋ ಮುಂಡರಗಿಗೋ ಬಂದಾಗ, ಅದು ಮೊದಲು ಬರುವುದು ನಮ್ಮ ಮೊಬೈಲಿಗೆ ಎಂಬುದು ನೆನಪಿರಲಿ.